ಈ ಸಲದ ಚರಗ

ಶೀಲಾಳಿಗೆ ಸತ್ತ ಐದನೆಯ ನವಿಲು ಸಿಕ್ಕಿತು. ಜೋಳದ ಸಾಲುಗಳ ನಡುವೆ ಕತ್ತು ತಿರುಚಿಕೊಂಡು ಬಿದ್ದಿತ್ತು. ಕೊಕ್ಕಿನ ನೊರೆ ಒಣಗಿತ್ತು. ಕಣ್ಣಿನ ತುಂಬ ನೊಣ.

ಅವಳ ಹಿಂದೆ ‘ಹಸಿರು ಬಳಗ’ದ ಹನ್ನೆರಡು ಮಕ್ಕಳು. ಪ್ರತಿ ರವಿವಾರ ಶಿರೂರಿನ ಹೊಲಗಳಲ್ಲಿ ಅವರಿಗೆ ಹಕ್ಕಿ, ಹುಳು, ಗಿಡ ತೋರಿಸುವುದು ಬಾಗಲಕೋಟೆಯ ನವನಗರದಲ್ಲಿ ಬೆಳೆದ ಶೀಲಾ ತಾನಾಗಿ ಹಚ್ಚಿಕೊಂಡ ಕೆಲಸ. ಇವತ್ತು ನವಿಲು ಎಣಿಸಲೆಂದೇ ಬಂದಿದ್ದರು. ಎಣಿಸಿದ್ದೂ ಆಯಿತು.

ಯಾರ ಕೆಲಸವೆಂದು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಹೊಲ ಕಾಳಪ್ಪನದು. ಹೋದ ತಿಂಗಳು ಮಕ್ಕಳೆದುರೇ ಬಂದು, “ನಿಮ್ಮ ನವಿಲು ನನ್ನ ಕಡ್ಲಿ ಹಾಳ ಮಾಡ್ಯಾವ್ರಿ. ಒಂದಿನ ನೋಡ್ಕೋತೇನಿ ಇವನ್ನ” ಎಂದು ಕೂಗಾಡಿ ಹೋಗಿದ್ದ. ನೋಡಿಕೊಂಡೇ ಬಿಟ್ಟ, ನೀಚ.

ಅದೂ ಎಂಥ ದಿನ! ನಿನ್ನೆ ಎಳ್ಳಮಾವಾಸ್ಯೆ. ಊರಿಗೆ ಊರೇ ಹೊಲಕ್ಕೆ ಬಂದು ಭೂಮಿತಾಯಿಗೆ ಅಡುಗೆಯ ಎಡೆಯನ್ನು ಚರಗವೆಂದು ಚೆಲ್ಲುವ ದಿನ. ಕಡುಬು, ಹೋಳಿಗೆ ಮಣ್ಣಿನಲ್ಲಿ ಬಿದ್ದು ಕೊಳೆಯುವುದನ್ನು ಕಂಡರೆ ಶೀಲಾಳಿಗೆ ಮೊದಲಿಂದಲೂ ಹೇಸಿಗೆ. ಅದಕ್ಕೇ ಈ ಸಲ ಮಕ್ಕಳಿಗೆ ಪೊಟ್ಟಣ ಹಂಚಿ, ಬಿತ್ತಿ ಉಳಿದ ಕಾಳನ್ನು ಮನೆಯಿಂದ ತುಂಬಿ ತರಲು ಹೇಳಿದ್ದಳು. ಈ ಬದುವಿನ ಮೇಲೆ ನಿಲ್ಲಿಸಿ ಹಕ್ಕಿಗಳಿಗೆಂದು ಚೆಲ್ಲಿಸಿದ್ದಳು. ಆ ಫೋಟೊಗೆ ಮೆಚ್ಚುಗೆ ಇನ್ನೂ ಬರುತ್ತಲೇ ಇತ್ತು. ಮಕ್ಕಳು ಉಣಿಸಿದ ಹಕ್ಕಿಗಳನ್ನೇ ಇವನು ಕೊಂದ!

“ಅಕ್ಕೋರ, ಆ ಕಾಳು...” ಬಳಗದ ಹುಡುಗಿ ಐಶ್ವರ್ಯ ಅಳುಮುಖ ಮಾಡಿದಳು. ಕಣ್ಣೊರೆಸಿಕೊಂಡ ಅಂಗೈ ಗುಲಾಬಿಯಾಗಿತ್ತು. ಮೊನ್ನೆ ಪರಿಸರ ಜಾಥಾದ ಫಲಕಕ್ಕೆ ಬಳಿದ ಬಣ್ಣ ಇನ್ನೂ ಹೋಗಿಲ್ಲ ಎಂದುಕೊಂಡಳು ಶೀಲಾ.

“ಸುಮ್ನಿರು. ಅಲ್ಲಿ ನೋಡು.”

ಬದುವಿನಾಚೆ ಕಾಳಪ್ಪ ಕುಕ್ಕರಗಾಲಲ್ಲಿ ಕೂತು, ನೆಲದಿಂದ ಏನನ್ನೋ ಆರಿಸಿ ಚೀಲಕ್ಕೆ ಹಾಕುತ್ತಿದ್ದ. ಸಾಕ್ಷಿ ಅಳಿಸುತ್ತಿದ್ದಾನೆ! ಶೀಲಾ ಮೊಬೈಲ್ ಹಿಡಿದೇ ಹತ್ತಿರ ಹೋದಳು.

“ಚೀಲದಾಗ ಏನೈತಿ?” ತಂದೆಯ ವಯಸ್ಸಿನವನೆದುರು ‘ರೀ’ ಎನ್ನಲೂ ನಾಲಿಗೆ ಹೊರಳಲಿಲ್ಲ.

“ಕಾಳರಿ.”

“ವಿಷದ ಕಾಳು?”

“ಹೌದ್ರಿ. ಹುಳ ಹತ್ತಬಾರ್ದಂತ ಬಿತ್ತೂ ಬೀಜಕ್ಕ ಔಷಧ ಹಚ್ಚಿರ್ತಾರಲ್ರಿ, ಅದು. ತಿಂದ್ರ ಉಳಿಯೂದಿಲ್ಲ.”

ಎಷ್ಟು ತಣ್ಣಗೆ ಹೇಳುತ್ತಾನೆ! ಉಗಿಯಬೇಕೆನಿಸಿತು ಶೀಲಾಳಿಗೆ.

“ಅಕ್ಕೋರ, ಮದ್ಲ ಹುಡುಗ್ರನ್ನ ಬಾವಿ ಕಡೆ ಕಳಸ್ರಿ. ಸಾಬಾಣ ಹಚ್ಚಿ ಕೈ ತೊಳ್ಕೊಳ್ಳಲಿ. ಅವ್ರ ಮುಂದ ಈ ಮಾತು ಬ್ಯಾಡ.”

“ಅವ್ರ ಮುಂದನ ಆಗ್ಲಿ. ಮನಷ್ಯಾ ಎಷ್ಟು ಹೊಲಸ ಇರ್ತಾನ ಅಂತ ಅವ್ರೂ ಕಲೀಲಿ.”

ಅಲ್ಲೇ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿದಳು. ಅರ್ಧ ತಾಸಿನಲ್ಲಿ ಬರುತ್ತೇವೆ, ಮಾಡಿದವರನ್ನು ಬಿಡುವುದಿಲ್ಲ, ಜೈಲೇ ಗತಿ ಎಂದರು. ಶೀಲಾ ಕಾಳಪ್ಪನಿಗೆ ಕೇಳಲೆಂದೇ ಸ್ಪೀಕರ್ ಹಾಕಿದ್ದಳು.

ಕಾಳಪ್ಪನ ಮುಖ ಸಣ್ಣಗಾಯಿತು. ಚೀಲವನ್ನು ಎದೆಗೊತ್ತಿಕೊಂಡ.

“ಯಾಕ ಮಾಡಿದ್ರಿ ಫೋನ್? ಅವ್ರು ಬರೂದ್ರೊಳಗ ಇದನ್ನ ಆಳಕ್ಕ ಹುಗದ ಬಿಡ್ತೇನಿ. ನೀವು ಏನೂ ನೋಡಿಲ್ಲಂತ ಮನಿಗಿ ಹೋಗ್ರಿ.”

“ನಾ ಹೋಗಬೇಕಾ? ನಿನ್ನ ಪಾಪ ಮುಚ್ಚಾಕ?”

ಚೀಲಕ್ಕೆ ಕೈ ಹಾಕಿ ಎಳೆದಳು. ಅವನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಕೊನೆಗೆ ಮಕ್ಕಳ ಮುಖ ನೋಡಿ ಅವನೇ ಕೈ ಸಡಿಲಿಸಿದ. ಶೀಲಾ ಮೊಬೈಲನ್ನು ಐಶ್ವರ್ಯಳ ಕೈಗೆ ಕೊಟ್ಟು, “ಪೂರ್ತಿ ವಿಡಿಯೊ ತಗಿ” ಎಂದು ಚೀಲವನ್ನು ತಲೆಕೆಳಗು ಮಾಡಿದಳು.

ಸುರಿದ ಜೋಳವೆಲ್ಲ ಗುಲಾಬಿ ಬಣ್ಣದ್ದು. ಅದರೊಂದಿಗೆ ಬಿದ್ದವು ಹನ್ನೆರಡು ಖಾಲಿ ಪೊಟ್ಟಣ, ಒಂದೊಂದರ ಮೇಲೂ ಹಸಿರು ಶಾಯಿಯಲ್ಲಿ ಶೀಲಾಳದೇ ದುಂಡನೆಯ ಅಕ್ಷರ: ‘ಹಕ್ಕಿಗೊಂದು ಹಿಡಿ ಚರಗ’.