ಗಡಿಯಾರ ನಿಂತ ಕಥೆ

ಅಡಿಟಿಪ್ಪಣಿಯ ಮೇಲಿಟ್ಟ ಬೆರಳು ಅಲ್ಲೇ ಅಂಟಿಕೊಂಡಿತು. ಪೇಟೆಯ ಗಡಿಯಾರ ಗೋಪುರದ ಬಗ್ಗೆ ಸಂಶೋಧನಾ ಪ್ರಬಂಧ ಬರೆಯಹೊರಟ ವಿದ್ಯಾರ್ಥಿನಿ, ಅದರ ಹಿನ್ನೆಲೆ ಹುಡುಕುತ್ತ ಬೆಳಗಿನಿಂದ ಗ್ರಂಥಾಲಯದಲ್ಲಿ ಕೂತಿದ್ದಳು. ಗೋಪುರ ಕಟ್ಟಿದ ಮೇಸ್ತ್ರಿ ಸತ್ತ ದಿನವೇ ಗಡಿಯಾರ ನಿಂತುಹೋಯಿತೆಂದು ಸಿಕ್ಕ ಲೇಖನಗಳೆಲ್ಲ ಹೇಳುತ್ತಿದ್ದವು. ಒಂದಕ್ಕೆ ಇನ್ನೊಂದು ಆಧಾರ. ಎಲ್ಲಕ್ಕಿಂತ ಹಳೆಯದಕ್ಕೆ ಆಧಾರ ಒಂದು ಶಾಲಾ ಪತ್ರಿಕೆ; ಅದರಲ್ಲಿ ಐದನೇ ತರಗತಿಯಲ್ಲಿದ್ದಾಗ ಅವಳೇ ಬರೆದ ಪ್ರಬಂಧ.

ಇನ್ನೊಂದು ಕೈಯಲ್ಲಿ ಮೊಬೈಲ್ ತೆಗೆದು ಅಪ್ಪನಿಗೆ ಕರೆ ಮಾಡಿದಳು. "ಅಪ್ಪಾ, ಆ ಮೇಸ್ತ್ರಿ ಕಥೆ ನಿಂಗೆ ಯಾರು ಹೇಳಿದ್ದು?" ಎಂದು ಪಿಸುಗುಟ್ಟಿದಳು.

"ಯಾರು ಹೇಳ್ತಾರೆ? ನೀನು ಊಟಕ್ಕೆ ಬಾಯೇ ತೆಗೀತಿರ್ಲಿಲ್ಲ. ಕಿಟಕೀಲಿ ಗಡಿಯಾರ ಕಾಣ್ತಿತ್ತು. ಬಾಯಿಗೆ ಬಂದಿದ್ದು ಹೇಳ್ತಾ ತುತ್ತು ಹಾಕ್ತಿದ್ದೆ. ಯಾಕಮ್ಮಾ ಈಗ?"

ಅವಳು ಉತ್ತರಿಸುವಷ್ಟರಲ್ಲಿ ಮಾರ್ಗದರ್ಶಕರು ಹಿಂದಿನಿಂದ ಬಂದು, ಅವಳು ಬರೆದುಕೊಂಡಿದ್ದರ ಮೇಲೆ ಕಣ್ಣಾಡಿಸಿದರು. "ಓಹೋ, ಮೇಸ್ತ್ರಿ ಸಿಕ್ಕಿದ್ನಾ? ಇನ್ನೇನು ಯೋಚನೆ? ಕಣ್ಣು ಮುಚ್ಕೊಂಡು ಬರಿ. ನನ್ನ ಡಾಕ್ಟರೇಟ್ ಪೂರ್ತಿ ಅವನ ಮೇಲೇನೇ."

ಅವಳ ಬೆರಳು ಮೆಲ್ಲಗೆ ಸರಿದು, ಅಡಿಟಿಪ್ಪಣಿಯಲ್ಲಿದ್ದ ತನ್ನ ಹೆಸರನ್ನು ಮುಚ್ಚಿತು.