ಹಗ್ಗದ ಮೇಲಿನ ಅಂಗಿ

ದೂರದ ಹಗ್ಗದ ಮೇಲೆ ಒಣಹಾಕಿದ್ದ ಅಂಗಿ ಇದ್ದಕ್ಕಿದ್ದಂತೆ ಆಚೆ ಕಡೆಗೆ ಹಾರಾಡತೊಡಗಿದಾಗ, ಔಷಧಿ ಹೊಡೆಯುವವನ ಕೈ ಪಂಪಿನ ಮೇಲೇ ನಿಂತಿತು. ಗಾಳಿ ಹೊಲದಿಂದ ಮನೆಗಳತ್ತ ತಿರುಗಿತ್ತು.

ಭಯವೇನಿರಲಿಲ್ಲ. ನಿನ್ನೆ ಸಂಜೆ ಮನೆಮನೆಗೂ ಹೋಗಿ, “ನಾಳೆ ಔಷಧಿ ಹೊಡೀತೀನಿ ಅಕ್ಕಾ, ಕಿಟಕಿ ಹಾಕ್ಕೊಳ್ಳಿ, ಮಕ್ಕಳನ್ನ ಹೊರಗೆ ಬಿಡ್ಬೇಡಿ” ಎಂದು ಬಾಯಿ ನೋಯುವಷ್ಟು ಹೇಳಿದ್ದ. ಸುಸ್ತಾಗಿ ಮನೆಗೆ ಬಂದವನು ಹೆಂಡತಿಯ ಜೊತೆ ಒಂದು ಮಾತೂ ಆಡದೆ ಮಲಗಿದ್ದ.

ಈಗ ಎಲ್ಲ ಕಿಟಕಿಗಳೂ ಮುಚ್ಚಿದ್ದವು, ಆ ಅಂಗಿಯ ಮನೆಯದು ಬಿಟ್ಟು. ಅಂಗಳದಲ್ಲಿ ಮಗುವೊಂದು ಆಡುತ್ತಿತ್ತು. “ಎಷ್ಟು ಹೇಳಿದ್ರೂ ಅಷ್ಟೇ, ಕಿವಿಗೇ ಹಾಕ್ಕೊಳ್ಳಲ್ಲ” ಎಂದು ಗೊಣಗುತ್ತ, ಮಂಜು ಕವಿದಿದ್ದ ಕನ್ನಡಕವನ್ನು ಒರೆಸಿಕೊಂಡ.

ಹಗ್ಗದ ಮೇಲೆ ಅವನದೇ ಅಂಗಿ ಎರಡೂ ತೋಳು ಬೀಸುತ್ತಿತ್ತು. ಔಷಧಿಯ ಬಿಳಿ ಮೋಡ ದಾರಿ ಗೊತ್ತಿದ್ದಂತೆ ಅತ್ತ ಸಾಗುತ್ತಿತ್ತು. ಅದನ್ನು ಹಿಡಿಯಲು ಅವನ ಮಗಳು ಕೈ ಚಾಚಿ ನಿಂತಿದ್ದಳು.