ಎರಡನೆಯ ಬೆರಳು

"ಬೆರಳು ಇಡಮ್ಮ, ಕಾಫಿ ಆರಿಹೋಗ್ತಿದೆ," ಎಂದರು ರುಬಾಳ ಭಾವೀ ಅತ್ತೆ ಉಮ್ ಮುಹನ್ನದ್. ನಿಶ್ಚಿತಾರ್ಥಕ್ಕೆಂದು ಅವರ ಮಗ ಮುಹನ್ನದ್ ತಂದಿದ್ದ ಹೊಸ ಮ್ಯಾಕ್ ಲ್ಯಾಪ್‌ಟಾಪ್ ರುಬಾಳ ತೊಡೆಯ ಮೇಲಿತ್ತು. ಬೆರಳಚ್ಚು ಕೊಟ್ಟರೆ ಅದು ಅವಳದು. ಅವಳ ಬೆರಳು ಗುಂಡಿಯ ತನಕ ಹೋಗಿ ಅಲ್ಲೇ ನಿಂತಿತು.

"ನನ್ನ ಕಸೂತಿ ವಿನ್ಯಾಸದ ಪ್ರೋಗ್ರಾಂ ವಿಂಡೋಸ್‌ನಲ್ಲಿ ಮಾತ್ರ ನಡೆಯೋದು," ಎಂದಳು.

"ಈ ಇರ್ಬಿದ್ ಊರಿನ ಹುಡುಗೀರೆಲ್ಲ ಮ್ಯಾಕ್ ಮ್ಯಾಕ್ ಅಂತ ಬಾಯಿ ಬಿಡ್ತಾರೆ, ಇವಳಿಗೆ ಗೊರಕೆ ಹೊಡೆಯೋ ಆ ಹಳೇ ಲ್ಯಾಪ್‌ಟಾಪ್ ಡಬ್ಬಾನೇ ಬೇಕಂತೆ!" ಎಂದ ಮುಹನ್ನದ್. ಕೋಣೆ ತುಂಬ ನಗು. ರುಬಾಳ ತಮ್ಮನೂ ನಕ್ಕ. ಅವಳು ಮಾತ್ರ ಪರದೆಯನ್ನೇ ನೋಡುತ್ತಿದ್ದಳು. ಅಲ್ಲಿ ಆಗಲೇ 'ಮೊದಲನೆಯ ಬೆರಳು' ಎಂದು ಒಂದು ಬೆರಳಚ್ಚು ದಾಖಲಾಗಿತ್ತು.

"ಇದ್ಯಾರದು?"

"ನಂದೇ. ಗಂಡ ಆಗೋನು ಹೊರಗಿನೋನಾ?"

ಆ ಹಳೆಯ ಡಬ್ಬಾ ತನ್ನೊಬ್ಬಳ ಮಾತನ್ನೇ ಕೇಳುತ್ತದೆಂದು ರುಬಾ ನಂಬಿದ್ದಳು. ಅದರಲ್ಲಿ ಕಸೂತಿಯ ಜೊತೆಗೆ, ಯಾರಿಗೂ ತೋರಿಸಲಾಗದ್ದೂ ಇತ್ತು. ಅವಳು ಮ್ಯಾಕ್ ಮುಚ್ಚಿ ಅವನತ್ತ ಚಾಚಿದಳು. "ಇದು ಬೇಡ. ನಂಗೆ ನನ್ನ ವಿಂಡೋಸೇ ಸಾಕು."

"ಅದೆಲ್ಲಿದೆ ಈಗ? ಬೆಳಿಗ್ಗೇನೇ ಅಂಗಡಿಗೆ ಮಾರಿಬಂದೆ. ನಿನ್ನ ತಮ್ಮಾನೇ ತಂದುಕೊಟ್ಟು ಪಾಸ್‌ವರ್ಡ್ ಹೇಳಿದ. ಹೆದರ್ಬೇಡ, ನಿನ್ನ ಫೈಲ್ ಒಂದೂ ಹೋಗಿಲ್ಲ. ಒಂದೊಂದನ್ನೂ ನಾನೇ ತೆಗೆದು, ಓದಿ, ಇದಕ್ಕೆ ಹಾಕಿದೀನಿ."

ರುಬಾಳ ತಮ್ಮ ತನ್ನ ಖಾಲಿ ಕಾಫಿ ಬಟ್ಟಲಿನೊಳಗೆ ನೋಡತೊಡಗಿದ. ಉಮ್ ಮುಹನ್ನದ್ ನಗುತ್ತಲೇ ಲ್ಯಾಪ್‌ಟಾಪ್ ತೆರೆದು, ಉಂಗುರ ತೊಟ್ಟ ಅವಳ ಕೈ ಹಿಡಿದು, ಬೆರಳನ್ನು ಗುಂಡಿಗೆ ಒತ್ತಿದರು. ಪರದೆಯ ಮೇಲೆ ಮೂಡಿತು: ಎರಡನೆಯ ಬೆರಳು.